ನಮ್ಮ ಟೆನ್ಶನ್ ನಾಯಿಗೂ ಹತ್ತುತ್ತಾ? ನಾಯಿ ಬೆಕ್ಕು ಸಾಕಿದವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮನೇಲಿ ನಾಲ್ಕು ವರ್ಷದ ಗಂಡು ನಾಯಿ ಇದಾನೆ, ನಾಯಿ ಅನ್ನೋಕೇ ಮನಸ್ಸು ಬರಲ್ಲ, ನಮಗೆ ಮಗನೇ ಅವನು. ಹೋದ ವರ್ಷ ವಾಂತಿ ಭೇದಿ ಆಗಿ ಡ್ರಿಪ್ ಹಾಕಿಸಬೇಕಾಯ್ತು. ಹುಷಾರಾದ, ಈಗ ಚೆನ್ನಾಗೇ ಇದಾನೆ. ಆದ್ರೆ ಅವತ್ತಿಂದ ನನಗೆ ನೆಮ್ಮದಿ ಇಲ್ಲ. ರಾತ್ರಿ ಎದ್ದೆದ್ದು ಉಸಿರಾಡ್ತಿದಾನಾ ಅಂತ ಹೊಟ್ಟೆ ಮೇಲೆ ಕೈ ಇಟ್ಟು ನೋಡ್ತೀನಿ, ಒಂದು ಹೊತ್ತು ಊಟ ಬಿಟ್ರೆ ಫೋನಲ್ಲಿ ರೋಗದ ಹೆಸರು ಹುಡುಕ್ತಾ ಕೂತ್ಬಿಡ್ತೀನಿ. ಈಗೀಗ ಅವನೂ ನನ್ನ ಹಿಂದೆ ಹಿಂದೆನೇ ಸುತ್ತುತಾನೆ, ಸರಿಯಾಗಿ ಮಲಗಲ್ಲ, ಮುಂಗಾಲು ನೆಕ್ಕಿ ನೆಕ್ಕಿ ಕೆಂಪು ಮಾಡ್ಕೊಂಡಿದಾನೆ. ನನ್ನ ಟೆನ್ಶನ್ನೇ ಅವನಿಗೂ ಹತ್ತಿಬಿಡ್ತಾ?

ಉತ್ತರ: ಮೊದಲು ಆ ಕಾಲು ನೆಕ್ಕೋದನ್ನ ಒಮ್ಮೆ ತೋರಿಸಿ. ಅಲರ್ಜಿ ಇರಬಹುದು, ಬೆರಳ ಸಂದೀಲಿ ಇನ್ಫೆಕ್ಷನ್ ಇರಬಹುದು, ಉಣ್ಣಿ ಕಚ್ಚಿರಬಹುದು, ಕೀಲು ನೋವೂ ಇರಬಹುದು. ಚರ್ಮದ ಕಾಯಿಲೆಗೆ ಮನಸ್ಸಿನ ಕಾರಣ ಕಟ್ಟಿ ಸುಮ್ನಿದ್ರೆ ಪಾಪ ಅವನು ಕೆರೀತಾನೇ ಇರ್ತಾನೆ. ಚರ್ಮ, ಕೀಲು ಎಲ್ಲಾ ಸರಿ ಇದೆ ಅಂತ ಖಾತ್ರಿ ಆದ್ಮೇಲೆ ಮಾತ್ರ ಇದು ಆತಂಕದ್ದಾ ಅಂತ ಯೋಚ್ನೆ ಮಾಡೋಣ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಹತ್ತುತ್ತೆ, ಹತ್ತೋ ಸಾಧ್ಯತೆ ಇದೆ. 2019ರಲ್ಲಿ ಸ್ವೀಡನ್ನಿನ ಲಿಂಕೋಪಿಂಗ್ ಯೂನಿವರ್ಸಿಟಿಯವರು ಕುರಿ ಕಾಯೋಕೆ ಬೆಳೆಸಿದ ಬಾರ್ಡರ್ ಕೋಲಿ ಮತ್ತೆ ಶೆಟ್‌ಲ್ಯಾಂಡ್ ಶೀಪ್‌ಡಾಗ್ ಜಾತಿಯ 58 ನಾಯಿಗಳ ಕೂದಲು, ಜೊತೆಗೆ ಅವುಗಳ ಮಾಲೀಕರ ಕೂದಲು ತಗೊಂಡು ಅದ್ರಲ್ಲಿರೋ ಕಾರ್ಟಿಸೋಲ್ ಅಳೆದ್ರು. ಕಾರ್ಟಿಸೋಲ್ ಅಂದ್ರೆ ಸ್ಟ್ರೆಸ್ ಆದಾಗ ಮೈಯಲ್ಲಿ ಏರೋ ಹಾರ್ಮೋನು, ಕೂದಲು ಬೆಳೀತಾ ಬೆಳೀತಾ ಅದೂ ಅದ್ರಲ್ಲಿ ಸೇರ್ಕೊಳ್ಳುತ್ತೆ, ಹಾಗಾಗಿ ಒಂದು ದಿನದ್ದಲ್ಲ, ತಿಂಗಳುಗಟ್ಟಲೆಯ ಲೆಕ್ಕ ಅದರಲ್ಲಿ ಸಿಗುತ್ತೆ. ಮಾಲೀಕರಲ್ಲಿ ಜಾಸ್ತಿ ಇದ್ದ ಕಡೆ ನಾಯಿಯಲ್ಲೂ ಜಾಸ್ತಿ ಇತ್ತು. ನಾಯಿಯ ಸ್ವಭಾವಕ್ಕಿಂತ ಮಾಲೀಕರ ಸ್ವಭಾವಕ್ಕೇ ನಾಯಿಯ ಕಾರ್ಟಿಸೋಲ್ ಹೆಚ್ಚು ಹೊಂದ್ತಿತ್ತು, ಅದಕ್ಕೇ ನಾಯಿನೇ ಮನುಷ್ಯರನ್ನ ಅನುಸರಿಸ್ತಿರಬೇಕು ಅಂತ ಅವರ ಅಂದಾಜು. ಆದ್ರೆ ಎಲ್ಲಾ ಜಾತೀಲೂ ಹೀಗೇ ಅಂತ ಅಲ್ಲ, ಅದೇ ತಂಡ ಆಮೇಲೆ ಪುರಾತನ ತಳಿಗಳು (ತೋಳಕ್ಕೆ ಹೆಚ್ಚು ಹತ್ತಿರದವು) ಮತ್ತೆ ಒಂಟಿಯಾಗಿ ಬೇಟೆ ಆಡೋ ತಳಿಗಳನ್ನ ನೋಡಿದಾಗ ಈ ಹೊಂದಾಣಿಕೆ ಕಾಣಲಿಲ್ಲ. ಮನುಷ್ಯರ ಕಣ್ಣು ಕೈ ನೋಡ್ಕೊಂಡೇ ಕೆಲಸ ಮಾಡೋಕೆ ಬೆಳೆಸಿದ ತಳಿಗಳಲ್ಲಿ ಇದು ಜೋರು.

ಮುಖದಲ್ಲಿ ತೋರಿಸ್ಕೊಳ್ಳದೇ ಇದ್ರಾಯ್ತು ಅಂತ ಕೆಲವರು ಅನ್ಕೋತಾರೆ, ಅದೂ ನಡೆಯಲ್ಲ. 2022ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ಯೂನಿವರ್ಸಿಟೀಲಿ ಜನರಿಗೆ ಬಾಯಲ್ಲೇ ಕಷ್ಟದ ಲೆಕ್ಕ ಮಾಡೋಕೆ ಹೇಳಿ, ಲೆಕ್ಕಕ್ಕೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ಅವರ ಬೆವರು ಮತ್ತೆ ಉಸಿರಿನ ಸ್ಯಾಂಪಲ್ ತಗೊಂಡು, ಟ್ರೈನಿಂಗ್ ಕೊಟ್ಟ ನಾಲ್ಕು ನಾಯಿಗಳ ಮುಂದೆ ಇಟ್ರು. ಸ್ಟ್ರೆಸ್ ಆದಾಗಿನ ಸ್ಯಾಂಪಲ್ಲನ್ನ ಅವು ನೂರಕ್ಕೆ ಸುಮಾರು 94 ಸಲ ಸರಿಯಾಗಿ ಗುರುತಿಸಿದ್ವು. ಅಂದ್ರೆ ನೀವು ನಗ್ತಾ ಇದ್ರೂ ನಿಮ್ಮ ಗಾಬರಿಯ ವಾಸನೆ ಅವನ ಮೂಗಿಗೆ ಹೋಗಿರಬಹುದು. ಯಾಕೆ ಗಾಬರಿ ಅಂತ ಮಾತ್ರ ಅವನಿಗೆ ಗೊತ್ತಾಗಲ್ಲ, ಅವನ ಹೊಟ್ಟೆ ಬಗ್ಗೆನೇ ನೀವು ಯೋಚ್ನೆ ಮಾಡ್ತಿರೋದು ಅಂತ ಅವನಿಗೇನು ಗೊತ್ತು. ನಮ್ಮೋರು ಹೆದರಿದಾರೆ ಅನ್ನೋದಷ್ಟೇ ತಿಳಿಯುತ್ತೆ, ಅದಕ್ಕೇ ಬಿಟ್ಟಿರಲ್ಲ, ಹಿಂದೆ ಸುತ್ತುತಾನೆ.

ಇದನ್ನ ಓದಿ ಅಯ್ಯೋ ನನ್ನಿಂದಲೇ ಹಿಂಗಾಯ್ತು ಅಂತ ಇನ್ನೊಂದು ಚಿಂತೆ ಹಚ್ಕೋಬೇಡಿ ದಯವಿಟ್ಟು. ಸಾವಿನ ಹತ್ರ ಹೋಗಿ ಬಂದ ಜೀವದ ಮೇಲೆ ಕಣ್ಣಿಡೋದು ಪ್ರೀತಿ ಇರೋರು ಮಾಡೋ ಕೆಲಸನೇ. ತೊಂದ್ರೆ ಬಂದಿರೋದು ನೋಡೋ ರೀತೀಲಿ. ಹೊಟ್ಟೆ ಮೇಲೆ ಕೈ ಇಟ್ರೆ ಐದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಡೌಟು, ಮತ್ತೆ ಕೈ. ಹೀಗೆ ನೋಡಿದಷ್ಟೂ ಇನ್ನೊಂದ್ಸಲ ನೋಡ್ಬೇಕು ಅನ್ನಿಸೋದು ಜಾಸ್ತಿ ಆಗ್ತಾ ಹೋಗುತ್ತೆ, ಅವನ ನಿದ್ದೆ ನಡುನಡುವೆ ಕೆಡುತ್ತೆ, ನಿದ್ದೆ ಕೆಟ್ಟ ನಾಯಿ ಇನ್ನೂ ಚಡಪಡಿಸುತ್ತೆ, ಅದನ್ನ ನೋಡಿ ನಿಮಗೆ ಇನ್ನೂ ಭಯ.

ಅದರ ಬದಲು ದಿನಕ್ಕೆ ಒಂದೇ ಸಲ, ಒಂದೇ ಟೈಮಿಗೆ, ಸರಿಯಾಗಿ ನೋಡಿ. ಅವನು ಗಾಢ ನಿದ್ದೇಲಿದ್ದಾಗ ಮುಟ್ಟದೇ ದೂರ ಕೂತ್ಕೊಂಡು ಪಕ್ಕೆ ಮೇಲೆ ಹೋಗಿ ಕೆಳಗೆ ಬಂದ್ರೆ ಒಂದು ಅಂತ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿದ್ದೇಲಿ ನಿಮಿಷಕ್ಕೆ 30ರ ಒಳಗಿದ್ರೆ ಸಾಮಾನ್ಯವಾಗಿ ಸರಿ ಇದೆ ಅಂತ. ಕಾಲು ಅದುರಿಸೋದು, ಸಣ್ಣಗೆ ಬೊಗಳೋದು, ಕಣ್ಣುಗುಡ್ಡೆ ಓಡೋದು ಕನಸಿನ ಹೊತ್ತಲ್ಲಿ ಇರೋದೇ, ಉಸಿರೂ ಆಗ ಏರುಪೇರಾಗುತ್ತೆ, ಆಗ ಎಣಿಸ್ಬೇಡಿ. ಎಚ್ಚರ ಆದ್ಮೇಲೆ ತುಟಿ ಎತ್ತಿ ಒಸಡು ನೋಡಿ, ಗುಲಾಬಿ ಬಣ್ಣ ಇರ್ಬೇಕು, ಬೆರಳಲ್ಲಿ ಒತ್ತಿ ಬಿಟ್ರೆ ಬೆಳ್ಳಗಾಗಿದ್ದು ಎರಡು ಸೆಕೆಂಡಲ್ಲಿ ವಾಪಸ್ ಬಣ್ಣಕ್ಕೆ ಬರ್ಬೇಕು. ಕೆಲವು ನಾಯಿಗಳ ಒಸಡು ಹುಟ್ಟಿಂದಲೇ ಕಪ್ಪಿರುತ್ತೆ, ಗುಲಾಬಿ ಇರೋ ಜಾಗ ಹುಡುಕಿ ಅಲ್ಲಿ ನೋಡಿ. ಪುಸ್ತಕದಲ್ಲಿ ಬರೆದಿಟ್ಟು ಪುಸ್ತಕ ಮುಚ್ಚಿಬಿಡಿ, ಅವತ್ತಿನ ಕೆಲಸ ಮುಗೀತು. ನಿದ್ದೇಲಿ ಉಸಿರು 30 ದಾಟಿ ಅಲ್ಲೇ ನಿಂತಿದ್ರೆ, ಒಸಡು ಬಿಳಿಚಿಕೊಂಡ್ರೆ, ಮೇಲಿಂದ ಮೇಲೆ ವಾಂತಿ ಆದ್ರೆ, ಹೊಟ್ಟೆ ಉಬ್ಬಿ ವಾಂತಿ ಬರದೇ ಬರೀ ಓಕರಿಸ್ತಿದ್ರೆ ಕಾಯ್ಬೇಡಿ, ರಾತ್ರಿ ಆದ್ರೂ ಕರ್ಕೊಂಡು ಹೋಗಿ. ಆಡ್ಕೊಂಡಿದ್ದು ನೀರು ಕುಡೀತಾ ಇರೋ ದೊಡ್ಡ ನಾಯಿ ಒಂದು ಹೊತ್ತು ಊಟ ಬಿಟ್ರೆ ಫೋನ್ ಹಿಡ್ಕೊಂಡು ಕೂರೋ ಅಗತ್ಯ ಇಲ್ಲ. ಇಷ್ಟು ಮಾಡಿದ್ರೂ ರಾತ್ರಿ ಏಳೋದು ನಿಲ್ಲಲಿಲ್ಲ ಅಂದ್ರೆ ನಿಮ್ಮನ್ನ ನೋಡೋ ಡಾಕ್ಟ್ರ ಹತ್ರ ನೀವು ಹೋಗ್ಬೇಕು. ಆತಂಕಕ್ಕೆ ಒಳ್ಳೆ ಚಿಕಿತ್ಸೆ ಇದೆ, ಅದು ನಿಮಗೂ ಆಯ್ತು ಅವನಿಗೂ ಆಯ್ತು.

ಪ್ರಶ್ನೆ: ಸರ್, ಆಫೀಸಿಗೆ ಹೊರಟ್ರೆ ನಮ್ಮ ನಾಯಿ ಅಳುತ್ತಂತೆ, ಪಕ್ಕದ ಮನೆಯವರು ಹೇಳಿದ್ರು. ವಾಪಸ್ ಬಂದಾಗ ಬಾಗಿಲ ಅಂಚು ಕಚ್ಚಿ ಹಾಕಿರುತ್ತೆ, ನನ್ನನ್ನ ನೋಡಿ ತಪ್ಪು ಮಾಡಿದವರ ಥರ ತಲೆ ತಗ್ಗಿಸುತ್ತೆ. ಬೈಯೋದಾ ಬಿಡೋದಾ? ಇನ್ನೊಂದು ಮರಿ ತಂದ್ರೆ ಸರಿ ಹೋಗುತ್ತಾ?

ಉತ್ತರ: ಬೈಬೇಡಿ. ಆ ಮುಖ ತಪ್ಪಿನ ಮುಖ ಅಲ್ಲ. ನಾಯಿಗಳ ವರ್ತನೆ ಸ್ಟಡಿ ಮಾಡೋ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ರು, ತಿಂಡಿ ಕದ್ದ ನಾಯಿನೂ ಕದಿಯದ ನಾಯಿನೂ ಮಾಲೀಕರು ಗದರಿದಾಗ ಒಂದೇ ಥರ ಮುಖ ಮಾಡಿದ್ವು. ಅದು ನಿಮ್ಮ ಕೋಪಕ್ಕೆ ಹೆದರಿದ ಮುಖ. ಬೈದ್ರೆ ಏನಾಗುತ್ತೆ ಅಂದ್ರೆ ನೀವು ಹೋಗೋದಕ್ಕೂ ಭಯ, ಬರೋದಕ್ಕೂ ಭಯ, ಎರಡೂ ಸೇರ್ಕೊಳ್ಳುತ್ತೆ.

ಒಂದು ಹಳೇ ಫೋನನ್ನ ವಿಡಿಯೋ ಆನ್ ಮಾಡಿ ಇಟ್ಟು ಹೋಗಿ. ಬಿಟ್ಟಿರೋಕಾಗದ ಸಂಕಟ ಆದ್ರೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೇಲೇ ಶುರುವಾಗುತ್ತೆ, ಬಾಗಿಲ ಹತ್ರನೇ ಓಡಾಟ, ಜೊಲ್ಲು, ಕೂಗು. ಸುಮಾರು ಹೊತ್ತು ಮಲಗಿದ್ದು ಆಮೇಲೆ ಕಚ್ಚಿದ್ರೆ ಅದು ಬೇಜಾರಿಗೆ ಮಾಡಿದ್ದಿರಬಹುದು, ಅದಕ್ಕೆ ವಾಕಿಂಗು ಆಟ ಜಾಸ್ತಿ ಮಾಡಿದ್ರೆ ಸಾಕಾಗುತ್ತೆ. ಸಂಕಟನೇ ಅಂತ ಕಂಡ್ರೆ, ಅವನು ಗಾಬರಿ ಆಗೋಕೆ ಮುಂಚೆನೇ ವಾಪಸ್ ಬರೋಷ್ಟು ಸಣ್ಣ ಸಣ್ಣ ಅವಧಿಗೆ ಹೋಗಿ ಬಂದು ಅಭ್ಯಾಸ ಮಾಡಿಸ್ಬೇಕು, ಮೊದಲು ಸೆಕೆಂಡುಗಳು, ಆಮೇಲೆ ನಿಮಿಷಗಳು, ಅವಸರ ಮಾಡಿದ್ರೆ ಮತ್ತೆ ಮೊದಲಿಂದ ಶುರು. ಈ ಅಭ್ಯಾಸ ನಡೀತಿರೋ ಅಷ್ಟು ದಿನ ಪೂರ್ತಿ ಒಂಟಿಯಾಗಿ ಬಿಡದ ಹಾಗೆ ಯಾರನ್ನಾದ್ರೂ ಒಪ್ಪಿಸ್ಕೊಳ್ಳಿ, ಇದೇ ಎಲ್ಲಕ್ಕಿಂತ ಕಷ್ಟದ ಭಾಗ, ಗೊತ್ತು. ತೀವ್ರ ಇದ್ರೆ ಫ್ಲೂಯೊಕ್ಸೆಟಿನ್, ಕ್ಲೋಮಿಪ್ರಮಿನ್ ಅಂತ ಔಷಧ ಇವೆ, ನಿಮ್ಮ ವೆಟ್ ನೋಡಿ ಕೊಡ್ತಾರೆ, ನಾಯಿಗೆ ಮನಸ್ಸಿನ ಮಾತ್ರೆನಾ ಅಂತ ಮುಜುಗರ ಪಡೋ ವಿಷಯ ಅಲ್ಲ ಇದು. ಇನ್ನೊಂದು ಮರಿ ಬಗ್ಗೆ ಕೇಳಿದ್ರಿ, ಅವನಿಗೆ ಬೇಕಾಗಿರೋದು ನೀವು, ಮರಿ ಬಂದ್ರೂ ಅದು ತೀರಲ್ಲ, ಈ ಕಾರಣಕ್ಕೆ ಮಾತ್ರ ತರಬೇಡಿ.

ಪ್ರಶ್ನೆ: ನಾನು ಅಳ್ತಾ ಕೂತ್ರೆ ನನ್ನ ಬೆಕ್ಕು ಎದ್ದು ಮಂಚದ ಕೆಳಗೆ ಹೋಗಿಬಿಡುತ್ತೆ. ಅದಕ್ಕೆ ನನ್ನ ಮೇಲೆ ಪ್ರೀತಿನೇ ಇಲ್ವಾ?

ಉತ್ತರ: ಇದೆ ತಾಯಿ. ನೀವು ಅಳುವಾಗ ದನಿ ಬೇರೆ, ಮೈಯ ಅಲುಗಾಟ ಬೇರೆ, ಬೆಕ್ಕಿಗೆ ಹೊಸದು ಏನು ಕಂಡ್ರೂ ಮೊದಲು ಬಚ್ಚಿಟ್ಟುಕೊಂಡು ನೋಡೋದೇ ಸ್ವಭಾವ. 2019ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟೀಲಿ ಬೆಕ್ಕಿನ ಮರಿಗಳನ್ನ ಹೊಸ ರೂಮಲ್ಲಿ ಎರಡು ನಿಮಿಷ ಒಂಟಿ ಬಿಟ್ಟು ಆಮೇಲೆ ಸಾಕಿದವರನ್ನ ಒಳಗೆ ಕಳಿಸಿದಾಗ, ನೂರಕ್ಕೆ ಸುಮಾರು 64ರಷ್ಟು ಮರಿಗಳು ಅವರನ್ನ ಮಾತಾಡಿಸಿ ಸಮಾಧಾನ ಆಗಿ ಮತ್ತೆ ರೂಮ್ ನೋಡೋಕೆ ಹೊರಟ್ವು. ಎಳೇ ಮಕ್ಕಳು ಅಮ್ಮ ಬಂದಾಗ ಮಾಡೋದೂ ಹೆಚ್ಚುಕಮ್ಮಿ ಇದೇ. ಅಳು ನಿಂತ ಮೇಲೆ ನೆಲದ ಮೇಲೆ ಕೂತು, ಕರೆಯದೇ, ಅದರ ಕಡೆ ನೋಡಿ ಕಣ್ಣನ್ನ ಅರ್ಧ ಮುಚ್ಚಿ ನಿಧಾನವಾಗಿ ಮಿಟುಕಿಸಿ, ಎಷ್ಟೋ ಬೆಕ್ಕು ತಾನೂ ಹಾಗೇ ಕಣ್ಣು ಕಿರಿದು ಮಾಡಿ ಹತ್ರ ಬರುತ್ತೆ. ಆದ್ರೆ ಒಂದು, ನೀವು ಅಳದಿದ್ದಾಗಲೂ ದಿನವಿಡೀ ಅಡಗಿ ಕೂತು ಊಟನೂ ಬಿಟ್ರೆ ಅದು ಕಾಯಿಲೆ ಇರಬಹುದು. ಬೆಕ್ಕು ಉಪವಾಸ ಇದ್ರೆ ಲಿವರಿಗೆ ಕೊಬ್ಬು ತುಂಬ್ಕೊಳ್ಳುತ್ತೆ, ಒಂದು ದಿನಕ್ಕಿಂತ ಹೆಚ್ಚು ಕಾಯ್ಬೇಡಿ.

ಪ್ರಶ್ನೆ: ನನಗೆ ಅರವತ್ತೇಳು ವರ್ಷ. ನನ್ನ ನಾಯಿಗೆ ಹದಿಮೂರು, ಕಿಡ್ನಿ ಸೋತಿದೆ ಅಂದಿದಾರೆ. ಅವನಿನ್ನೂ ನನ್ನ ಕಾಲ ಬುಡದಲ್ಲೇ ಮಲಗಿದಾನೆ, ನಾನು ಮಾತ್ರ ಈಗಲೇ ಅಳ್ತಾ ಇದೀನಿ. ಮಗ, ನಾಯಿಗೆ ಇಷ್ಟೊಂದಾ ಅಪ್ಪಾ ಅಂತಾನೆ. ಕೊನೇ ಇಂಜೆಕ್ಷನ್ ಯಾವಾಗ ಕೊಡಿಸ್ಬೇಕು, ಆಗ ನಾನು ಪಕ್ಕದಲ್ಲಿರಬೇಕಾ?

ಉತ್ತರ: ಸರ್, ಹೋಗೋಕೆ ಮುಂಚೆನೇ ಬರೋ ದುಃಖ ಇದು, ತುಂಬಾ ಜನಕ್ಕೆ ಬರುತ್ತೆ. ನೆಂಟರು ಹೋದ್ರೆ ನಾಲ್ಕು ಜನ ಬಂದು ಕೂರ್ತಾರೆ, ನಾಯಿ ಹೋದ್ರೆ ಯಾರೂ ಬರಲ್ಲ, ಅದಕ್ಕೇ ಒಬ್ಬರೇ ಹೊರೋಕೆ ಅಷ್ಟು ಭಾರ ಅನ್ಸುತ್ತೆ. ಮಗನಿಗೆ ನಿಮ್ಮ ಮೇಲೆ ಕಾಳಜಿ ಇಲ್ಲ ಅಂತಲ್ಲ, ನೀವು ಅಳೋದನ್ನ ನೋಡೋಕಾಗದೇ ಹಾಗೆ ಹೇಳಿರ್ತಾನೆ. ಒಂದು ದಿನ ವೆಟ್ ಹತ್ರ ಅವನನ್ನೂ ಕರ್ಕೊಂಡು ಹೋಗಿ, ಡಾಕ್ಟರ ಬಾಯಿಂದ ಕೇಳಿದ್ರೆ ಅರ್ಥ ಆಗುತ್ತೆ.

ಯಾವಾಗ ಅನ್ನೋದನ್ನ ಮನಸ್ಸಿಗೆ ಕೇಳಿದ್ರೆ ಮನಸ್ಸು ಒಂದೊಂದು ಗಂಟೆಗೆ ಒಂದೊಂದು ಹೇಳುತ್ತೆ. ಕ್ಯಾಲೆಂಡರ್ ತಗೊಳ್ಳಿ. ಅವನಿಗೆ ತುಂಬಾ ಇಷ್ಟದ ನಾಲ್ಕೈದು ವಿಷಯ ಈಗಲೇ ಬರೆದಿಡಿ, ಗೇಟಿನ ತನಕ ನಡೆಯೋದು, ನೀವು ಬಂದಾಗ ಬಾಲ ಅಲ್ಲಾಡಿಸೋದು, ಹೀಗೆ ಅವನದೇ ಆದ್ದು. ದಿನದ ಕೊನೆಗೆ ಊಟ ಮಾಡಿದ್ನಾ, ವಾಂತಿ ಆಯ್ತಾ, ನೋವಿತ್ತಾ, ಎದ್ದು ನಿಂತ್ನಾ, ಮೈ ಒದ್ದೆ ಮಾಡ್ಕೊಂಡು ಮಲಗಿದ್ನಾ, ಆ ಇಷ್ಟದ್ದರಲ್ಲಿ ಎಷ್ಟು ಮಾಡಿದ ಅಂತ ನೋಡಿ, ಒಳ್ಳೇ ದಿನ ಅಥವಾ ಕೆಟ್ಟ ದಿನ ಅಂತ ಗುರುತು ಹಾಕಿ. ಕೆಟ್ಟ ದಿನಗಳು ಜಾಸ್ತಿ ಆಗ್ತಾ ಬಂದಾಗ ಆ ಕ್ಯಾಲೆಂಡರನ್ನೇ ನಿಮ್ಮ ವೆಟ್‌ಗೆ ತೋರಿಸಿ, ಇಬ್ಬರೂ ಕೂತು ತೀರ್ಮಾನ ಮಾಡಿ. ನನ್ನ ಅಭಿಪ್ರಾಯ ಕೇಳಿದ್ರೆ, ಪೂರ್ತಿ ನರಳೋ ತನಕ ಕಾಯೋದಕ್ಕಿಂತ ಸ್ವಲ್ಪ ಮುಂಚೆ ಆದ್ರೂ ಪರವಾಗಿಲ್ಲ.

ಪಕ್ಕದಲ್ಲಿರೋಕೆ ಆದ್ರೆ ಇರಿ. ಏನಾಗುತ್ತೆ ಅಂತ ಹೇಳ್ತೀನಿ, ಗೊತ್ತಿದ್ರೆ ಭಯ ಕಡಿಮೆ. ಸಾಮಾನ್ಯವಾಗಿ ಮೊದಲು ನಿದ್ದೆ ಬರೋ ಇಂಜೆಕ್ಷನ್ ಕೊಡ್ತಾರೆ, ನಿಧಾನವಾಗಿ ತಲೆ ಭಾರ ಆಗಿ ಮಲಗ್ತಾನೆ, ನೀವು ಮುಟ್ಕೊಂಡು ಮಾತಾಡ್ತಾ ಇರಬಹುದು. ಆಮೇಲೆ ಅರಿವಳಿಕೆ ಔಷಧನೇ ಹೆಚ್ಚು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡ್ತಾರೆ, ಕೆಲವೇ ನಿಮಿಷದಲ್ಲಿ ಎದೆಬಡಿತ ನಿಲ್ಲುತ್ತೆ. ಕಣ್ಣು ತೆರೆದೇ ಇರುತ್ತೆ, ಎದೆಬಡಿತ ನಿಂತ ಮೇಲೂ ಒಂದೆರಡು ಉಸಿರು ಎಳೆದ ಹಾಗೆ ಕಾಣಬಹುದು, ಮೂತ್ರ ಹೋಗಬಹುದು, ಇದನ್ನ ನೋಡಿ ನೋವಾಗ್ತಿದೆ ಅಂತ ತಿಳ್ಕೋಬೇಡಿ, ಅಷ್ಟರಲ್ಲಿ ಅವನಿಗೆ ಪ್ರಜ್ಞೆ ಇರಲ್ಲ. ನಿಮ್ಮ ಕೈಲಿ ಆಗಲ್ಲ ಅನ್ಸಿದ್ರೆ ಅವನು ನಂಬಿರೋ ಇನ್ನೊಬ್ಬರು ಪಕ್ಕದಲ್ಲಿರಲಿ, ಅದು ತಪ್ಪಲ್ಲ. ಮುಂದಿನ ಸಲ ವೆಟ್ ಹತ್ರ ಹೋದಾಗಲೇ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಮನೆಗೆ ಬಂದು ಮಾಡ್ತಾರಾ, ರಾತ್ರಿ ಹೊತ್ತು ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡ್ಬೇಕು, ಆಮೇಲೆ ದೇಹಕ್ಕೆ ಏನು ವ್ಯವಸ್ಥೆ. ಇವು ಆವತ್ತು ಅಳ್ತಾ ಅಳ್ತಾ ಕೇಳೋ ಪ್ರಶ್ನೆಗಳಾಗಬಾರದು.