ಷೇರು ಕೊಂಡ ಮೇಲೆ ಯಾವಾಗ ಮಾರಿ ಹೊರಬರಬೇಕು?

ಕೊಳ್ಳುವ ಮೊದಲೇ ತೀರ್ಮಾನಿಸಿ. ಆಮೇಲೆ ಮನಸ್ಸು ಲೆಕ್ಕದ ಮಾತು ಕೇಳುವುದಿಲ್ಲ. 500 ರೂಪಾಯಿಯಂತೆ 100 ಷೇರು ಕೊಳ್ಳುತ್ತೀರಿ ಎನ್ನಿ. 475ಕ್ಕೆ ಇಳಿದರೆ ನನ್ನ ಅಂದಾಜು ತಪ್ಪು, ಮಾರಿಬಿಡುತ್ತೇನೆ ಎಂದು ಆಗಲೇ ಬರೆದಿಡಿ. ಹೀಗೆ ನಷ್ಟಕ್ಕೆ ಕಡಿವಾಣ ಹಾಕಲು ಗೊತ್ತು ಮಾಡಿದ ಬೆಲೆಯೇ ಸ್ಟಾಪ್‌ಲಾಸ್. ನಷ್ಟ 2,500 ರೂಪಾಯಿ. ಅಷ್ಟು ತಡೆಯಲಾಗದಿದ್ದರೆ ಕಡಿಮೆ ಷೇರು ಕೊಳ್ಳಿ. ಇಳಿಯುತ್ತಾ ಹೋದಂತೆ ಸ್ಟಾಪ್‌ಲಾಸನ್ನೂ ಕೆಳಗೆ ಸರಿಸುತ್ತಾ ಕೂತರೆ ಅದು ಇದ್ದೂ ಇಲ್ಲದಂತೆ.

ಹೊಸಬರು ಎಡವುವುದು ಇಲ್ಲಿ: 475ಕ್ಕೆ ಟ್ರಿಗರ್ (ಮಾರುವ ಆರ್ಡರ್ ಚಾಲೂ ಆಗುವ ಬೆಲೆ), 474ಕ್ಕೆ ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಬೆಲೆ) ಹಾಕಿರುತ್ತೀರಿ. ಬೆಳಿಗ್ಗೆ 9:15ಕ್ಕೆ ಷೇರು 460ರಲ್ಲೇ ತೆರೆದರೆ ಆರ್ಡರ್ ಸುಮ್ಮನೆ ನೇತಾಡುತ್ತದೆ; 474 ಕೊಡುವವರು ಯಾರೂ ಇರುವುದಿಲ್ಲ. ‘ಕೊಂಡ ಬೆಲೆ ಬರಲಿ, ಮಾರ್ತೀನಿ’ ಎಂದು ಕಾಯದೆ ಆಗಿನ ದರಕ್ಕೇ ಮಾರಿ.

ಏರಿದರೆ? 560 ಮುಟ್ಟಿದಾಗ ಅರ್ಧ ಮಾರಿ, ಉಳಿದದ್ದರ ಸ್ಟಾಪ್‌ಲಾಸನ್ನು 530ಕ್ಕೆ ಏರಿಸುವುದು ನನ್ನ ರೂಢಿ.