‘ಸ್ನ್’ ಎಂದರೆ ಮೂಗೇ?

ಇಂಗ್ಲಿಷಿನ ಸ್ನೀಜ್ (ಸೀನು), ಸ್ನೋರ್ (ಗೊರಕೆ), ಸ್ನಿಫ್ (ಮೂಸುವುದು), ಸ್ನೌಟ್ (ಪ್ರಾಣಿಯ ಮೂತಿ) ಎಲ್ಲವೂ ಮೂಗಿನ ಸುತ್ತಲೇ ಇವೆ, ಹಾಗಾದರೆ ಮೊದಲ ಅಕ್ಷರ ನೋಡಿಯೇ ಗೊತ್ತಿಲ್ಲದ ಪದದ ಅರ್ಥ ಊಹಿಸಬಹುದೇ ಎಂದು ಕೇಳಿದ್ದೀರಿ. ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಸಿಂಬಳದ ಸ್ನಾಟ್, ನಶ್ಯದ ಸ್ನಫ್ ಇವನ್ನೂ ಸೇರಿಸಿಕೊಳ್ಳಿ. ಆದರೆ ಇದನ್ನು ನಂಬಿ ಪರೀಕ್ಷೆಗೆ ಹೋಗಬೇಡಿ.

ಏಕೆಂದರೆ ಇದು ‘ಅನ್’, ‘ರೀ’ ಥರದ್ದಲ್ಲ. ಅನ್‌ಹ್ಯಾಪಿಯಿಂದ ‘ಅನ್’ ಕಿತ್ತರೆ ಹ್ಯಾಪಿ ಉಳಿಯುತ್ತದೆ. ಸ್ನಿಫ್‌ನಿಂದ ‘ಸ್ನ್’ ಕಿತ್ತರೆ ‘ಇಫ್’. ಅದಕ್ಕೂ ಮೂಗಿಗೂ ಎತ್ತಣಿಂದೆತ್ತ ಸಂಬಂಧ! ಸ್ನೋ, ಸ್ನೇಲ್, ಸ್ನೇಕ್‌ಗಳಿಗಂತೂ ಮೂಗಿನ ಗೊಡವೆಯೇ ಇಲ್ಲ.

ಇಂಥ ಧ್ವನಿಗುಂಪುಗಳಿಗೆ ಫೋನೆಸ್ಥೀಮ್ ಎಂದು ಹೆಸರಿಟ್ಟವರು ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್, 1930ರಲ್ಲಿ. ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಮರ್ ಇನ್ನೊಂದು ಗುಂಪು, ಎಲ್ಲ ಹೊಳಪಿನವು. ಇವುಗಳಲ್ಲಿ ಹಲವು ಒಂದೇ ಹಳೆಯ ಧಾತುವಿನಿಂದ ಬಂದ ದಾಯಾದಿಗಳು. ಸಂತೋಷದ ಗ್ಲಾಡ್ ಕೂಡ ಇದೇ ಮನೆಯದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಹೊಳೆಯುವ’ ಎಂಬ ಅರ್ಥವೂ ಇತ್ತು.

ಆದರೆ ಹುಟ್ಟಿನ ನೆಂಟಸ್ತಿಕೆ ಒಂದೇ ಕಾರಣವಲ್ಲ. ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಸ್ನೀಜ್‌ನ ಕಥೆ. ಹಳೆಯ ಇಂಗ್ಲಿಷಿನಲ್ಲಿ ಆ ಕ್ರಿಯಾಪದ ‘ಫ್ನ್’ ಎಂದು ಶುರುವಾಗುತ್ತಿತ್ತು. ಬರಬರುತ್ತ ‘ಫ್ನ್’ ಪದಗಳೇ ಬಳಕೆ ತಪ್ಪಿದವು, ಈ ಕ್ರಿಯಾಪದ ‘ಸ್ನ್’ಗೆ ಬದಲಾಗಿ ಉಳಿಯಿತು. ಆಗಿನ ಬರಹದ ಉದ್ದನೆಯ ಎಸ್ (ſ) ನೋಡಲು ಎಫ್‌ನಂತೆಯೇ ಇದ್ದದ್ದರಿಂದ ಓದುವಾಗ ಎಡವಟ್ಟಾಗಿರಬಹುದು ಎನ್ನುವವರೂ ಇದ್ದಾರೆ. ಏನೇ ಆಗಿರಲಿ, ಮೂಗಿನ ಪದಗಳು ಆಗಲೇ ‘ಸ್ನ್’ ಸುತ್ತ ಗುಂಪುಗೂಡಿದ್ದವು, ಹೊಸ ರೂಪ ಸಲೀಸಾಗಿ ಒಗ್ಗಿಹೋಯಿತು. (ನಮ್ಮ ‘ಸೀನು’ವಿಗೂ ಸ್ನೀಜ್‌ಗೂ ಹೋಲಿಕೆ ಬರೀ ಕಾಕತಾಳೀಯ.)

ಇಂಗ್ಲಿಷ್ ಮಾತನಾಡುವವರ ತಲೆಯಲ್ಲೂ ಈ ಗುಂಪು ಇದೆ. ಭಾಷಾವಿಜ್ಞಾನಿ ಬೆಂಜಮಿನ್ ಬರ್ಗೆನ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗ್ಲಿಟರ್ ಥರದ ಪದ ತೋರಿಸಿದ ಮೇಲೆ ಗ್ಲೋ ಥರದ್ದನ್ನು ಜನ ಬೇಗ ಗುರುತಿಸಿದರು. ಬರೀ ಅಕ್ಷರ ಹೊಂದುವ ಅಥವಾ ಬರೀ ಅರ್ಥ ಹೊಂದುವ ಜೋಡಿಗಳಲ್ಲಿ ಅಷ್ಟು ವೇಗ ಇರಲಿಲ್ಲ.

ಕನ್ನಡದಲ್ಲೂ ನೋಡಿ: ಮಿಂಚು, ಮಿನುಗು, ಮಿರುಗು, ಮಿಣುಕು. ಹಾಗಂತ ‘ಮಿಡಿ’ ಹೊಳೆಯುವುದಿಲ್ಲ, ‘ಮಿದುಳು’ ಎಲ್ಲರದ್ದೂ ಹೊಳೆಯುವುದಿಲ್ಲ.

ಕಲಿತ ಪದಗಳನ್ನು ನೆನಪಿಟ್ಟುಕೊಳ್ಳಲು ಮಾತ್ರ ಗುಂಪು ಕಟ್ಟಿಕೊಳ್ಳಿ. ಹೊಸ ಪದ ಎದುರಾದರೆ ಸುತ್ತಲಿನ ವಾಕ್ಯ ನೋಡಿ, ಆಮೇಲೆ ನಿಘಂಟು.