ಹಸುವಿನ ಗಂಟಲಲ್ಲಿ ಆಲೂಗಡ್ಡೆ ಸಿಕ್ಕರೆ ಎಣ್ಣೆ ಕುಡಿಸಬೇಡಿ

ಪ್ರಶ್ನೆ: ನಾವು ಇಂಡಿ ಕಡೆಯವರು. ಪುಣೆಯ ಹಡಪಸರದಲ್ಲಿ ಎರಡು ಹಸು ಸಾಕಿದ್ದೇವೆ. ಮಾರ್ಕೆಟ್ ಯಾರ್ಡಿನಲ್ಲಿ ಉಳಿದ ತರಕಾರಿ ತಂದು ಹಾಕುತ್ತೇವೆ. ಮೊನ್ನೆ ಒಂದು ಹಸು ಇಡೀ ಆಲೂಗಡ್ಡೆ ನುಂಗಿ, ಕತ್ತು ಚಾಚಿ ಜೊಲ್ಲು ಸುರಿಸುತ್ತಾ ನಿಂತಿತು. ಹೊಟ್ಟೆ ಉಬ್ಬಿತು. ಪಕ್ಕದವರ ಮಾತು ಕೇಳಿ ಸ್ವಲ್ಪ ಎಣ್ಣೆ ಕುಡಿಸಿದೆವು. ಪೈಪಿನಿಂದ ತಳ್ಳಿ ಅಂತಲೂ ಅಂದರು, ಅಷ್ಟರಲ್ಲಿ ಡಾಕ್ಟರು ಬಂದು ತೆಗೆದರು. ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು?

ಉತ್ತರ: ಪೈಪ್ ಹಾಕದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಒರಟಾಗಿ ತಳ್ಳಿದರೆ ಅನ್ನನಾಳ ಹರಿದುಹೋಗಬಹುದು. ಆಮೇಲೆ ಹಸು ಉಳಿಯುವುದು ಕಷ್ಟ. ಎಣ್ಣೆಯೂ ಬೇಡ. ದಾರಿಯೇ ಮುಚ್ಚಿರುವಾಗ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಇಲ್ಲಿ ಜೀವಕ್ಕೆ ಕುತ್ತು ತರುವುದು ಗ್ಯಾಸ್. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಮೇವು ಹುಳಿಯುತ್ತಾ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಅದು ತೇಗಿನಲ್ಲಿ ಹೊರಗೆ ಹೋಗಬೇಕು. ಅನ್ನನಾಳ ಪೂರ್ತಿ ಕಟ್ಟಿದರೆ ತೇಗು ನಿಲ್ಲುತ್ತದೆ, ಎಡಪಕ್ಕೆ ಉಬ್ಬುತ್ತದೆ. ಆ ಒತ್ತಡ ಎದೆಗೆ ತಾಗಿ ಉಸಿರು ಕಟ್ಟುತ್ತದೆ. ಹಾಗಾಗಿ ಬೆಳಗ್ಗೆ ನೋಡೋಣ ಅಂತ ಬಿಡಬೇಡಿ. ತಕ್ಷಣ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಮೇವು, ನೀರು ತೆಗೆದುಬಿಡಿ. ಹಸು ಮಲಗದಂತೆ ನೋಡಿ. ತಲೆ ತಗ್ಗಿಸಿದರೆ ತಡೆಯಬೇಡಿ, ಜೊಲ್ಲು ಹೊರಗೆ ಬೀಳಲಿ. ಉಬ್ಬರ ಮಿತಿಮೀರಿದರೆ ವೈದ್ಯರು ಎಡಪಕ್ಕೆಗೆ ಟ್ರೋಕಾರ್ ಎಂಬ ಚೂಪಾದ ಉಪಕರಣ ಚುಚ್ಚಿ ಮೊದಲು ಗ್ಯಾಸ್ ಬಿಡುತ್ತಾರೆ.

ಬಾಯಿಗೆ ಮಾತ್ರ ಕೈ ಹಾಕಬೇಡಿ. ರೇಬಿಸ್ ಬಂದ ಹಸುವೂ ಹೀಗೆಯೇ ಜೊಲ್ಲು ಸುರಿಸುತ್ತದೆ, ನುಂಗಲು ಒದ್ದಾಡುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬರಿಗೈ ಹಾಕುವುದು ನಿಮಗೇ ಅಪಾಯ.

ಮಾರುಕಟ್ಟೆ ತರಕಾರಿ ಹಾಕುವುದು ತಪ್ಪಲ್ಲ. ಪುಣೆಯಂಥ ಊರಲ್ಲಿ ಹಸಿ ಮೇವಿನ ಕಷ್ಟ ನನಗೂ ಗೊತ್ತು. ಆದರೆ ಆಲೂಗಡ್ಡೆ, ಬೀಟ್‌ರೂಟ್, ಮೂಲಂಗಿ ಎಲ್ಲವನ್ನೂ ಸಣ್ಣಗೆ ಹೆಚ್ಚಿಯೇ ಹಾಕಿ. ಹಸಿರು ತಿರುಗಿದ, ಮೊಳಕೆ ಬಂದ ಆಲೂಗಡ್ಡೆ ವಿಷ, ಅದನ್ನು ಬಿಸಾಡಿ. ಒಂದೇ ಸಲ ರಾಶಿ ಆಲೂಗಡ್ಡೆ ಹಾಕಿದರೆ ಹೊಟ್ಟೆ ಹುಳಿಯೇರಿ ಹಸು ಕುಸಿಯುತ್ತದೆ. ಚೀಲ ಸುರಿದಾಗ ಪ್ಲಾಸ್ಟಿಕ್, ತಂತಿ ಆರಿಸಿ ತೆಗೆಯಿರಿ. ನುಂಗಿದ ತಂತಿ ಎರಡನೇ ಹೊಟ್ಟೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಲ್ಲದು.

ಎಣ್ಣೆ ಕುಡಿಸಿದ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೇಳಿ. ಕೆಮ್ಮು, ಜ್ವರ, ಏದುಸಿರು ಅಥವಾ ಕತ್ತಿನಲ್ಲಿ ಬಾವು ಕಂಡರೆ ಕಾಯದೆ ಮತ್ತೆ ಕರೆಸಿ.